ಕ್ಷಣಿಕ ದೋಷಕ್ಕೆ ಲಿಖಿತ ಸಾಕ್ಷಿ

ನಾಗಾವಿಯ ನಮ್ಮ ಮನೆಯಲ್ಲಿ ಪಂಪು ಹೊರಟೊಡನೆ ಪಡಸಾಲೆಯ ದೀಪವು ಕಂದುವುದು. ನಾವು ಮಾಪಕವನ್ನು ಹಿಡಿಯುವಷ್ಟರಲ್ಲಿ ಮತ್ತೆ ಬೆಳಗುವುದು. ಇದೇ ಚೇಷ್ಟೆಯು ಮನೆಯಲ್ಲಿ ಕಟ್ಟಿದ ವಿಮಾನದಲ್ಲಾದರೆ ಆಕಾಶದಲ್ಲಿ ರೇಡಿಯೊ ಮೂಕವಾಗುವುದು. ನೆಲಕ್ಕಿಳಿದ ಮೇಲೆ ಎಲ್ಲವೂ ನೆಟ್ಟಗೆ! ಮನೆಯಲ್ಲಿ ವಿಮಾನವೇ ಎಂದು ವಾಚಕರು ನಗಬಾರದು. ಅಮೆರಿಕೆಯ ಬರ್ಟ್ ರುಟಾನರು ಗೃಹನಿರ್ಮಾಪಕರಿಗಾಗಿಯೇ ರಚಿಸಿದ ಲಾಂಗ್ ಈಝಿ ಮಾದರಿಯನ್ನನುಸರಿಸಿ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಶಾಲೆಯವರು 1987ರಲ್ಲಿ ಲಘು ವಿಮಾನವೊಂದನ್ನು ಹಾರಿಸಿದರು.

ಇಂಥಲ್ಲಿ ಬೇಕಾದುದು ವೋಲ್ಟೇಜನ್ನು ಕಾಲಸಹಿತವಾಗಿ ಬರೆದಿಡುವ ಯಂತ್ರ. ವಿಭವಲೇಖಕವೆಂದು ನಾವು ಹೆಸರಿಟ್ಟೆವು. ಅಂಗಡಿಯವನು ಡೇಟಾ ಲಾಗರ್ ಎಂದರೇ ಕೊಡುವನು. ಅಗ್ಗವೆಂದು ಕಂಡುದನ್ನೆಲ್ಲ ಕೊಳ್ಳಲಾಗದು. 12 ವೋಲ್ಟಿನ ಬ್ಯಾಟರಿಯು ಎಂಜಿನು ಓಡುವಾಗ 14ರ ಆಸುಪಾಸಿಗೆ ಏರುವುದರಿಂದ 30 ವೋಲ್ಟು ತಾಳುವಂಥದು ಲೇಸು. ನಿಮಿಷಕ್ಕೊಮ್ಮೆ ಬರೆವುದು ನಿರರ್ಥಕ. ಸೆಕೆಂಡಿಗೆ 10 ಸಲವಾದರೂ ಬರೆಯಬೇಕು. ಮುಖ್ಯವಾಗಿ ಎರಡು ದ್ವಾರಗಳಿರಲಿ: ಒಂದು ಬ್ಯಾಟರಿಗೆ, ಇನ್ನೊಂದು ರೇಡಿಯೊವಿನ ಬಳಿಗೆ. ಎರಡೂ ಒಟ್ಟಿಗೆ ಇಳಿದರೆ ಬ್ಯಾಟರಿಯನ್ನೋ ಆಲ್ಟರ್ನೇಟರನ್ನೋ ಶಂಕಿಸಬೇಕು. ರೇಡಿಯೊವಿನದೊಂದೇ ಇಳಿದರೆ ನಡುವಿನ ತಂತಿ, ಸ್ವಿಚ್ಚು, ಸಡಿಲವಾದ ಕೂಡಿಕೆ ಇವುಗಳನ್ನು ನೋಡತಕ್ಕದ್ದು. ಲೇಖಕಕ್ಕೆ ಎಳೆದ ತಂತಿಗೆ ಬ್ಯಾಟರಿಯ ಬುಡದಲ್ಲಿಯೇ ಸಣ್ಣ ಫ್ಯೂಜು ಇರಲಿ.

ಇದನ್ನೇ ನಮ್ಮ ಪಡಸಾಲೆಯ ದೀಪಕ್ಕೂ ಹಚ್ಚೋಣವೆಂದು ಮೊಮ್ಮಗನು ಹೊರಟಿದ್ದನು. ಕೈ ಹಿಡಿದು ತಡೆದೆವು. ಮನೆಯ 230 ವೋಲ್ಟಿಗೆ ಇದನ್ನು ಮುಟ್ಟಿಸಿದರೆ ಯಂತ್ರವಷ್ಟೇ ಅಲ್ಲ, ಮುಟ್ಟಿಸಿದವನೂ ಉಳಿಯುವುದು ಸಂಶಯ.