ಕೇಳದೆ ಪಡೆದ ಕಂಠ

‘ದಿ ವಿಚರ್ 3’ 2015ರಲ್ಲಿ ಬಂದ ಪೋಲೆಂಡ್‌ನ ಕಂಪ್ಯೂಟರ್ ಆಟ. ಅದರ ನಾಯಕ ಗೆರಾಲ್ಟ್‌ಗೆ ಇಂಗ್ಲಿಷಿನಲ್ಲಿ ಕಂಠದಾನ ಮಾಡಿದವರು ನಟ ಡಗ್ ಕಾಕಲ್. 2021ರಲ್ಲಿ ಅಭಿಮಾನಿಯೊಬ್ಬರು ಆಟಕ್ಕೆ ಹೊಸ ಕಥೆಯೊಂದನ್ನು ಹೆಣೆದರು. ಗೆರಾಲ್ಟ್ ಅಲ್ಲಿಯೂ ಅದೇ ಗೊಗ್ಗರು ದನಿಯಲ್ಲಿ ಮಾತನಾಡಿದ. ಆದರೆ ಕಾಕಲ್ ಅದಕ್ಕಾಗಿ ಒಂದು ಮಾತನ್ನೂ ಆಡಿರಲಿಲ್ಲ!

ಇದು ಕೃತಕ ಬುದ್ಧಿಮತ್ತೆಯ ಕೈಚಳಕ. ಹಳೆಯ ಧ್ವನಿಮುದ್ರಣ ಕೇಳಿ ಕಂಪ್ಯೂಟರ್ ಒಬ್ಬರ ಉಚ್ಚಾರ, ಏರಿಳಿತಗಳನ್ನು ಕಲಿಯುತ್ತದೆ. ಬಳಿಕ ಯಾವ ಸಾಲು ಬರೆದುಕೊಟ್ಟರೂ ಅದೇ ದನಿಯಲ್ಲಿ ಒಪ್ಪಿಸುತ್ತದೆ. ಸ್ಟುಡಿಯೊ ಬೇಡ, ಸಂಭಾವನೆ ಬೇಡ. ಕೈಯಲ್ಲಿ ಕಾಸಿಲ್ಲದ ಅಭಿಮಾನಿಗೆ ಇದು ವರವೇ ಸರಿ.

ನಟರಿಗೆ? ಕಂಠವೇ ಅವರ ಅನ್ನ. ‘ಸ್ಕೈರಿಮ್’ ಆಟದ ಕೆಲ ನಟರ ದನಿಯಿಂದ ಅಶ್ಲೀಲ ಮಾತು ಆಡಿಸಿದ್ದು 2023ರಲ್ಲಿ ಬಯಲಾಯಿತು. ಅಮೆರಿಕದ ನಟರ ಸಂಘ 2024ರ ಜುಲೈನಲ್ಲಿ ಆಟದ ಕಂಪೆನಿಗಳ ವಿರುದ್ಧ ಮುಷ್ಕರ ಹೂಡಿತು. ದನಿಯ ನಕಲಿಗೆ ನಟರ ಒಪ್ಪಿಗೆ ಬೇಕೆಂಬ ಕರಾರು 2025ರಲ್ಲಿ ಕೈಗೂಡಿತು. ಅದು ಕಟ್ಟಿಹಾಕುವುದು ಕಂಪೆನಿಗಳನ್ನು. ಅಭಿಮಾನಿಯ ಕೋಣೆಯೊಳಕ್ಕೆ ಅದು ಬಾರದು. ಅಲ್ಲಿ ಅವರವರ ಮನಸ್ಸೇ ಕಾವಲು.

ಕನ್ನಡದಲ್ಲಿ ಈ ಕೆಲಸದ ಹೆಸರು ಕಂಠದಾನ. ದಾನವೆಂದ ಮೇಲೆ ಕೊಡುವವರು ಒಪ್ಪಿರಬೇಕು. ಕೇಳದೆ ತೆಗೆದುಕೊಂಡದ್ದಕ್ಕೆ ಬೇರೆಯೇ ಹೆಸರಿದೆ.