ಅಪ್ಪನ ಪಿಕಪ್ಪಿಗೆ ಬಣ್ಣ ಹೊಡೆದಾಗ ಅರ್ಥವಾದ ಪಾಠ

ನಮ್ಮೂರು ಕೋಲಾರದ ಹತ್ತಿರ. ಅಪ್ಪನ ಹಳೇ ಪಿಕಪ್ ಗಾಡಿ ದಿನಾ ಟೊಮೆಟೊ ಕ್ರೇಟು ಹೊತ್ತು ಎಪಿಎಂಸಿಗೆ ಹೋಗುತ್ತದೆ. ಎಂಟು ವರ್ಷ ದಾಟಿದ ಸರಕು ವಾಹನಕ್ಕೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು. ಈ ಸಲ ನೋಡಿದರೆ ಬಾಗಿಲ ಕೆಳಗೆಲ್ಲ ತುಕ್ಕು, ಬಾನೆಟ್ ಮೇಲೆ ಬಣ್ಣ ಎದ್ದು ಬಂದಿತ್ತು. ಪೇಂಟಿಂಗ್ ಶೆಡ್‌ನಲ್ಲಿ 25 ಸಾವಿರ ಕೇಳಿದರು. ‘ಹೆಂಗೂ ಸೆಮಿಸ್ಟರ್ ರಜೆ, ನಾನೇ ಹೊಡೀತೀನಿ ಬಿಡಪ್ಪ’ ಅಂದೆ. ಮೆಕ್ಯಾನಿಕಲ್ ಬಿಇ ಐದನೇ ಸೆಮಿಸ್ಟರ್ ಮುಗಿಸಿದ ಮಗನ ಮಾತನ್ನು ಅಪ್ಪ ನಂಬಿಬಿಟ್ಟರು.

ಬಣ್ಣ ಹೊಡೆಯುವುದೆಂದರೆ ಸ್ಪ್ರೇ ಗನ್ ಹಿಡಿಯುವುದು ಅಂದುಕೊಂಡಿದ್ದೆ. ಗನ್ ಕೈಗೆ ಬಂದಿದ್ದು ಆರನೇ ದಿನ! ಅದಕ್ಕೂ ಮೊದಲು 80ನೇ ನಂಬರಿನ ಉಪ್ಪುಕಾಗದದಿಂದ ಹೊಳೆಯುವ ತಗಡು ಕಾಣುವವರೆಗೆ ತುಕ್ಕು ಉಜ್ಜಬೇಕು. ರೆಡ್ ಆಕ್ಸೈಡ್ ಬಳಿದು, ತಗ್ಗು ಬಿದ್ದಲ್ಲಿ ಪುಟ್ಟಿ ತುಂಬಬೇಕು. ಮತ್ತೆ 220, 320, ಕೊನೆಗೆ ನೀರು ಹಾಕಿಕೊಂಡು 600ನೇ ನಂಬರಿನ ವಾಟರ್ ಪೇಪರ್. ಗಾಜು, ಲೈಟುಗಳಿಗೆ ಹಳೇ ಪತ್ರಿಕೆ ಅಂಟಿಸಬೇಕು. ಪಿಯು ಪೇಂಟಿನ ಹಾರ್ಡನರ್‌ನಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಅಪಾಯಕಾರಿ, ಮನೆಯಂಗಳದಲ್ಲಿ ಬೇಡವೆಂದು ಎನ್‌ಸಿ ಪೇಂಟ್ ತಂದೆ. ಬಣ್ಣ ಬದಲಿಸಿದರೆ ಆರ್‌ಸಿಯಲ್ಲೂ ತಿದ್ದಿಸಬೇಕು. ಹಾಗಾಗಿ ಮೊದಲಿದ್ದ ಕಡು ನೀಲಿಯೇ.

ಮೈತುಂಬ ಪುಟ್ಟಿ ಧೂಳು ಮೆತ್ತಿಕೊಂಡಿದ್ದವನನ್ನು ನೋಡಿ ಪಕ್ಕದ ಮನೆಯ ದೊಡ್ಡಪ್ಪ ಕೇಳಿದರು: ‘ಬಿಇ ಓದಿಸಿದ್ದು ಇದಕ್ಕೇನೋ?’

ಗಾಳಿ, ಧೂಳು ಇರುವುದಿಲ್ಲವೆಂದು ಬೆಳಿಗ್ಗೆ ಏಳಕ್ಕೇ ಶುರು ಮಾಡಿದೆ. ಜನವರಿಯ ಮಂಜು ಇನ್ನೂ ಕರಗಿರಲಿಲ್ಲ. ಮಿಂಚುತ್ತಿದ್ದ ನೀಲಿ ಬಣ್ಣ ಸ್ವಲ್ಪ ಹೊತ್ತಿಗೆಲ್ಲ ವಿಭೂತಿ ಬಳಿದ ಹಾಗೆ ಬೆಳ್ಳಗಾಯಿತು. ಪೇಂಟೇ ಕಲಬೆರಕೆ ಅಂತ ಅಂಗಡಿಯವನನ್ನು ಬೈದುಕೊಂಡೆ. ಅಪ್ಪ ಪರಿಚಯದ ಪೇಂಟರ್ ಅಣ್ಣನನ್ನು ಕರೆತಂದರು. ಅವರು ಒಮ್ಮೆ ಬೆರಳಾಡಿಸಿ, ‘ಮಂಜಲ್ಲಿ ಹೊಡೆದ್ಯಾ? ಥಿನ್ನರ್ ಆರೋವಾಗ ತಗಡು ತಣ್ಣಗಾಗಿ ನೀರು ಹಿಡಿಯುತ್ತೆ ಕಣೋ. ಬಿಸಿಲೇರಿದ ಮೇಲೆ ಹೊಡಿ, ನಿಧಾನಕ್ಕೆ ಆರೋ ಥಿನ್ನರ್ ಹಾಕು’ ಅಂದರು.

ನನಗೆ ನಾಚಿಕೆಯಾಯಿತು. ಆವಿಯಾಗುವ ದ್ರವ ಶಾಖ ಹೀರಿಕೊಳ್ಳುತ್ತದೆ, ಮೇಲ್ಮೈ ಡ್ಯೂ ಪಾಯಿಂಟ್‌ಗಿಂತ ತಣ್ಣಗಾದರೆ ಗಾಳಿಯ ತೇವ ಅಲ್ಲಿ ನೀರಾಗಿ ಕೂರುತ್ತದೆ. ಇದನ್ನು ನಾನು ಓದಿದ್ದೆ. ಸೈಕ್ರೋಮೆಟ್ರಿಕ್ ಚಾರ್ಟ್ ಹಿಡಿದು ಲೆಕ್ಕ ಬಿಡಿಸಿ ಪೂರ್ತಿ ಅಂಕವನ್ನೂ ಪಡೆದಿದ್ದೆ. ಅದೇ ಪ್ರಶ್ನೆ ಅಪ್ಪನ ಗಾಡಿಯ ಮೇಲೆ ಬಂದು ಕೂತಾಗ ಗುರುತು ಹಿಡಿಯಲಾಗಲಿಲ್ಲ.

ತಪ್ಪು ಪಠ್ಯದ್ದಲ್ಲ, ನಾವು ಕಲಿಯುವ ರೀತಿಯದ್ದು. ಲ್ಯಾಬ್‌ನಲ್ಲಿ ಒಬ್ಬ ಯಂತ್ರ ಮುಟ್ಟುತ್ತಾನೆ, ಉಳಿದವರು ರೀಡಿಂಗ್ ಬರೆದುಕೊಳ್ಳುತ್ತೇವೆ. ಉತ್ತರ ಹೊಂದದಿದ್ದರೆ ಸೀನಿಯರ್ ರೆಕಾರ್ಡ್ ಇದ್ದೇ ಇದೆ. ಹಾಗಾಗಿ ನಮ್ಮ ಪ್ರಯೋಗಗಳು ಕೆಡುವುದೇ ಇಲ್ಲ. ಯಾಕೆ ಕೆಟ್ಟಿತು ಎಂದು ಹುಡುಕುವ ಅಭ್ಯಾಸವೂ ಆಗುವುದಿಲ್ಲ. ಕೆಲಸಕ್ಕೆ ಸೇರಿದ ಮೇಲೆ ನಮ್ಮ ಮುಂದೆ ಬರುವುದು ಕೆಟ್ಟ ಯಂತ್ರ, ಕೆಟ್ಟ ಕೋಡ್, ಬಿರುಕು ಬಿಟ್ಟ ಗೋಡೆಯೇ ತಾನೆ? ಯಾವ ಅಧ್ಯಾಯದ ಪ್ರಶ್ನೆ ಎಂದು ಅಲ್ಲಿ ಯಾರೂ ಹೇಳಿಕೊಡುವುದಿಲ್ಲ.

ಮತ್ತೆ ಉಜ್ಜಿ, ಮಧ್ಯಾಹ್ನದ ಬಿಸಿಲಲ್ಲಿ ಎರಡನೇ ಸಲ ಹೊಡೆದೆ. ಹೊಳಪು ನಿಂತಿತು. ಸಾಮಾನು, ಕಂಪ್ರೆಸರ್ ಬಾಡಿಗೆ ಸೇರಿ 9 ಸಾವಿರ ಖರ್ಚಾಯಿತು. ಗಾಡಿ ಹತ್ತು ದಿನ ನಿಂತಿದ್ದರಿಂದ ಅಪ್ಪನ ದುಡಿಮೆ ಹೋಯಿತು. ಆ ಲೆಕ್ಕ ಹಿಡಿದರೆ ಹೆಚ್ಚೇನೂ ಉಳಿಯಲಿಲ್ಲ. ಶೆಡ್‌ನವರ ಕೆಲಸಕ್ಕೆ ಅಷ್ಟು ದುಡ್ಡು ಯಾಕೆ ಎಂಬುದೂ ಅರ್ಥವಾಯಿತು.

ಎಲ್ಲರೂ ಗಾಡಿಗೆ ಬಣ್ಣ ಹೊಡೆಯಿರಿ ಎನ್ನುತ್ತಿಲ್ಲ. ಮನೆಯ ಮೋಟರ್, ಹಳೇ ಸೈಕಲ್, ಕೆಟ್ಟ ಮಿಕ್ಸಿ ಯಾವುದಾದರೂ ಸರಿ, ಓದು ಮುಗಿಯುವುದರೊಳಗೆ ಒಂದು ಕೆಲಸವನ್ನು ಕೈಯಾರೆ ಮಾಡಿ. ಕೆಟ್ಟರೆ ಕಾರಣ ಹುಡುಕಿ, ಬಲ್ಲವರನ್ನು ನಾಚಿಕೆಯಿಲ್ಲದೆ ಕೇಳಿ.

ಎಫ್‌ಸಿ ಆಯಿತು. ಎಡ ಬಾಗಿಲಲ್ಲಿ ಬಣ್ಣ ಇಳಿದ ಗೆರೆಯೊಂದು ಹಾಗೇ ಇದೆ. ದೊಡ್ಡಪ್ಪ ಮತ್ತೆ ಕೇಳಿದರೆ ಈಗ ನನ್ನ ಬಳಿ ಉತ್ತರವಿದೆ: ‘ಹೌದು ದೊಡ್ಡಪ್ಪ, ಇದಕ್ಕೂ.’