ಹದಿನೇಳರ ವಯಸ್ಸಿನ ಕರಾರು

ನವೆಂಬರ 1 ನೇ ತಾರೀಖು ಕನ್ನಡಿಗರಿಗೆ ಹಬ್ಬದ ದಿನ. 1956 ರಲ್ಲಿ ಅಂದೇ ನಮ್ಮ ನಾಡು ಒಂದುಗೂಡಿತು. ಅಮೇರಿಕೆಯಲ್ಲಿ ನೆಲೆಸಿದ ಕನ್ನಡಿಗರ ಎಷ್ಟೋ ಮನೆಗಳಲ್ಲಿ ಆ ರಾತ್ರಿ ದೀಪವು ಬಹಳ ಹೊತ್ತು ಉರಿಯುವದಕ್ಕೆ ಬೇರೊಂದು ಕಾರಣವೂ ಉಂಟು. ಪ್ರೌಢಶಾಲೆಯ ಕೊನೆಯ ವರ್ಷದಲ್ಲಿರುವ ಮಗನೋ ಮಗಳೋ ಕಾಲೇಜಿಗೆ ಮುಂಗಡವಾಗಿ ಅರ್ಜಿ ಸಲ್ಲಿಸಬೇಕಾದರೆ, ಅಲ್ಲಿಯ ಅನೇಕ ಹೆಸರಾದ ವಿದ್ಯಾಪೀಠಗಳು ಗೊತ್ತುಪಡಿಸಿರುವ ಕಡೆಯ ದಿನವು ಅದೇ ಆಗಿರುತ್ತದೆ. ಬೆಂಗಳೂರಿನಲ್ಲಿದ್ದುಕೊಂಡೇ ಮಕ್ಕಳನ್ನು ಆ ದೇಶಕ್ಕೆ ಕಳಿಸಬಯಸುವ ಪಾಲಕರಿಗೂ ಈ ತಾರೀಖು ಈಗ ಅಪರಿಚಿತವಾಗಿ ಉಳಿದಿಲ್ಲ. ಆದ್ದರಿಂದ ಈ ಪದ್ಧತಿಯ ಒಳಗುಟ್ಟನ್ನು ವಾಚಕರ ಮುಂದಿಡುವದು ಅಪ್ರಸ್ತುತವಾಗಲಾರದೆಂದು ನಂಬಿದ್ದೇವೆ.

ಮುಂಗಡ ಅರ್ಜಿಯಲ್ಲಿ ಮುಖ್ಯವಾಗಿ ಎರಡು ಬಗೆ. 'ಅರ್ಲಿ ಆ್ಯಕ್ಷನ್' ಎಂಬುದರಲ್ಲಿ ಉತ್ತರವು ಬೇಗ ಬರುತ್ತದೆ. ವಿದ್ಯಾರ್ಥಿಗೆ ಯಾವ ಕಟ್ಟೂ ಇಲ್ಲ. ಮೇ 1 ರ ವರೆಗೆ ಆತನು ಬೇರೆ ಕಾಲೇಜುಗಳ ಉತ್ತರವನ್ನೂ ನೋಡಿ, ತೂಗಿ, ತನ್ನ ನಿರ್ಣಯವನ್ನು ತಿಳಿಸಬಹುದು. 'ಅರ್ಲಿ ಡಿಸಿಜನ್' ಹಾಗಲ್ಲ. ಅದನ್ನು ಒಂದೇ ಕಾಲೇಜಿಗೆ ಸಲ್ಲಿಸಬೇಕು. ಪ್ರವೇಶ ದೊರೆತರೆ ಅಲ್ಲಿಗೇ ಹೋಗುವೆನೆಂದೂ ಮಿಕ್ಕೆಲ್ಲ ಅರ್ಜಿಗಳನ್ನು ಹಿಂತೆಗೆದುಕೊಳ್ಳುವೆನೆಂದೂ ಮೊದಲೇ ಮಾತು ಕೊಡಬೇಕು. ಆ ಮಾತಿನ ಕೆಳಗೆ ವಿದ್ಯಾರ್ಥಿಯದಲ್ಲದೆ ಪಾಲಕರದೂ ಶಾಲೆಯ ಸಲಹೆಗಾರರದೂ ಸಹಿ ಬೇಕಾಗುತ್ತದೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಸ್ಟ್ಯಾನ್‌ಫರ್ಡ್ ವಿದ್ಯಾಪೀಠಗಳು ನಡುವಿನ ದಾರಿಯನ್ನು ಹಿಡಿದಿವೆ: ಅಲ್ಲಿ ಕಟ್ಟಿಲ್ಲವಾದರೂ ಬೇರೆ ಖಾಸಗಿ ಕಾಲೇಜುಗಳಿಗೆ ಮುಂಗಡ ಅರ್ಜಿ ಹಾಕಕೂಡದೆಂಬ ನಿರ್ಬಂಧವು ಸಾಮಾನ್ಯವಾಗಿ ಇರುತ್ತದೆ.

ಹದಿನೆಂಟು ತುಂಬದವರು ಮಾಡಿದ ಕರಾರು ಅವರನ್ನು ಪೂರ್ತಿಯಾಗಿ ಬಂಧಿಸಲಾರದೆಂಬುದು ಆ ದೇಶದಲ್ಲಿಯೂ ಸಾಮಾನ್ಯ ನ್ಯಾಯ. ಹೀಗಿರಲು ಹದಿನೇಳರ ಹುಡುಗಿಯಿಂದ ನಾಲ್ಕು ವರ್ಷಗಳ ಮಾತನ್ನು, ಅದೂ ಬೆಲೆ ತಿಳಿಯುವ ಮೊದಲೇ, ಪಡೆದುಕೊಳ್ಳುವದೇತಕ್ಕೆ? ಇದರ ಲಾಭವು ಮೊದಲು ಕಾಲೇಜಿಗೆ. ಬರುವೆನೆಂದವರು ಬಂದೇ ಬರುತ್ತಾರೆಂಬ ನೆಮ್ಮದಿಯಿಂದ ಅದು ಸ್ಥಾನಗಳನ್ನು ಭರ್ತಿ ಮಾಡಿಕೊಳ್ಳಬಹುದು. ಹೊಸ ತರಗತಿಯ ಅರ್ಧದಷ್ಟನ್ನು ಈ ಮಾರ್ಗದಿಂದಲೇ ತುಂಬಿಕೊಳ್ಳುವ ಕಾಲೇಜುಗಳೂ ಇವೆ. ವಿದ್ಯಾರ್ಥಿಗೂ ಲಾಭವಿಲ್ಲವೆನ್ನಲಾಗದು. ಏವರಿ, ಫೇರ್‌ಬ್ಯಾಂಕ್ಸ್, ಝೆಕ್‌ಹೌಸರ್ ಎಂಬ ಮೂವರು 2003 ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮುಂಗಡ ಅರ್ಜಿಯಿಂದ ಆಗುವ ಅನುಕೂಲವು ಎಸ್‌ಎಟಿ ಪರೀಕ್ಷೆಯ ಸುಮಾರು 100 ಅಂಕಗಳಿಗೆ ಸಮವೆಂದು ಲೆಕ್ಕ ಹಾಕಿ ತೋರಿಸಿದರು. ಈ ಆಮಿಷಕ್ಕೆ ಬಲಿಯಾಗಿಯೇ ಮನೆಮನೆಗಳಲ್ಲಿ "ಎಲ್ಲಿಯಾದರೂ ಒಂದು ಕಡೆ ಮುಂಗಡ ಹಾಕಿಬಿಡು" ಎಂಬ ಮಾತು ಹುಟ್ಟುತ್ತದೆ.

ಆದರೆ ಈ ಅನುಕೂಲವನ್ನು ಯಾರು ಉಣ್ಣುತ್ತಾರೆ? ನಾಲ್ಕಾರು ಕಾಲೇಜುಗಳು ಕೊಡಮಾಡುವ ಧನಸಹಾಯವನ್ನು ಹೋಲಿಸಿ ನೋಡಬೇಕಾದ ಅವಶ್ಯಕತೆಯೇ ಇಲ್ಲದವರು. ಮಿಕ್ಕವರು ಸಹಿ ಹಾಕಿದೊಡನೆ ಹೋಲಿಸುವ ಹಕ್ಕನ್ನೇ ಕಳೆದುಕೊಂಡಂತೆ. ಇದು ನಮ್ಮ ಕಲ್ಪನೆಯಲ್ಲ. 2006 ರಲ್ಲಿ ಹಾರ್ವರ್ಡ್, ಪ್ರಿನ್ಸ್‌ಟನ್, ವರ್ಜೀನಿಯಾ ವಿದ್ಯಾಪೀಠಗಳು ಮುಂಗಡ ಪ್ರವೇಶವು ಅನುಕೂಲಸ್ಥರಿಗೇ ಅನುಕೂಲವೆಂಬ ಕಾರಣದಿಂದ ಅದನ್ನು ಕೈಬಿಡುವದಾಗಿ ಸಾರಿದವು. ಇತರರು ಬೆನ್ನಟ್ಟಿ ಬರುವರೆಂದು ಎಣಿಸಿದ್ದರು. ಬಹುಮಟ್ಟಿಗೆ ಯಾರೂ ಬರಲಿಲ್ಲ. 2011 ರ ಹೊತ್ತಿಗೆ ಮೂರೂ ಸಂಸ್ಥೆಗಳು ತಮ್ಮ ವ್ರತವನ್ನು ಮುರಿದು ಮುಂಗಡ ಅರ್ಜಿಗಳನ್ನು ಮತ್ತೆ ತೆಗೆದುಕೊಳ್ಳಲು ನಿಶ್ಚಯಿಸಿದ್ದವು. ವ್ರತವೇನೋ ಮುರಿಯಿತು, ಅಂದು ಒಪ್ಪಿಕೊಂಡ ಸತ್ಯವು ಸುಳ್ಳಾಗಲಿಲ್ಲ.

ನಮ್ಮವರಲ್ಲಿ ಕಾಲೇಜಿನ ಹೆಸರು ವಿದ್ಯೆಗಿಂತ ಮರ್ಯಾದೆಯ ವಿಷಯವಾಗಿ ಕುಳಿತಿದೆ. ಬೀಗರ ಮನೆಯಲ್ಲಿ ಹೇಳಿಕೊಳ್ಳಲು ಬರುವಂಥ ಹೆಸರನ್ನು ತಂದೆ ಆರಿಸುತ್ತಾನೆ. ಗೆಳತಿ ಆರಿಸಿದ್ದನ್ನು ಮಗಳು ಆರಿಸುತ್ತಾಳೆ. ಖರ್ಚಿನ ಮಾತನ್ನು ಎತ್ತಿದರೆ ಮಗುವಿನ ಉತ್ಸಾಹ ಕುಗ್ಗೀತೆಂದು ತಾಯಿ ಸುಮ್ಮನಾಗುತ್ತಾಳೆ. ಈ ಮೌನವೇ ಎಲ್ಲಕ್ಕಿಂತ ದುಬಾರಿ. ಅನೇಕ ಖಾಸಗಿ ಕಾಲೇಜುಗಳಲ್ಲಿ ವರ್ಷವೊಂದರ ಒಟ್ಟು ವೆಚ್ಚವು 80,000 ಡಾಲರುಗಳನ್ನು ದಾಟಿದೆ. ಅಕ್ಟೋಬರ ತಿಂಗಳು ಮುಗಿಯುವದರೊಳಗಾಗಿ ತಂದೆತಾಯಿಗಳು ಮಕ್ಕಳನ್ನು ಎದುರಿಗೆ ಕುಳ್ಳಿರಿಸಿಕೊಂಡು, ನಾವು ಇಷ್ಟು ಕೊಡಬಲ್ಲೆವು, ಇದಕ್ಕೆ ಮೀರಿದ್ದು ಸಾಲ, ಎಂದು ಸ್ಪಷ್ಟವಾಗಿ ಹೇಳಬೇಕು. 2011 ರಿಂದ ಅಲ್ಲಿಯ ಕಾಲೇಜುಗಳು ಕುಟುಂಬದ ಆದಾಯಕ್ಕೆ ತಕ್ಕಂತೆ ತಗಲುವ ವೆಚ್ಚದ ಅಂದಾಜನ್ನು ತಿಳಿಸುವ ಲೆಕ್ಕದ ಸಾಧನವನ್ನು ತಮ್ಮ ಜಾಲತಾಣದಲ್ಲಿ ಇಡಲೇಬೇಕೆಂದು ಕಾನೂನಿದೆ. ಅಲ್ಲಿಯ ನಿವಾಸಿಗಳು ಅದನ್ನು ನೋಡದೆ ಸಹಿ ಹಾಕುವದು ಅವಿವೇಕ.

ಇಲ್ಲಿಂದ ಹೋಗುವವರಿಗೆ ಆ ಲೆಕ್ಕವು ಬಹುಶಃ ಹೊಂದಲಾರದು. ಅವರ ಕಷ್ಟವೇ ಬೇರೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆ್ಯಮ್‌ಹರ್ಸ್ಟ್ ಮೊದಲಾದ ಕೆಲವೇ ಸಂಸ್ಥೆಗಳು ಪರದೇಶದ ವಿದ್ಯಾರ್ಥಿಯು ಸಹಾಯ ಬೇಡಿದನೆಂಬುದನ್ನು ಪ್ರವೇಶದ ವೇಳೆಗೆ ಗಣನೆಗೆ ತರುವದಿಲ್ಲ. ಮಿಕ್ಕ ಬಹುತೇಕ ಕಡೆಗಳಲ್ಲಿ ಅದು ಗಣನೆಗೆ ಬರುತ್ತದೆ. ಹಾಗೆಂದು ಮೊದಲು ಕೇಳದೆ ಪ್ರವೇಶ ಪಡೆದು ಆಮೇಲೆ ಕೇಳೋಣವೆಂದರೆ, ಅದಕ್ಕೆ ಅವಕಾಶ ಕೊಡದ ಕಾಲೇಜುಗಳು ಹಲವು.

ಸಹಾಯವು ಸಾಲದೆ ಹೋದರೆ ಮಾತಿನಿಂದ ಬಿಡುಗಡೆ ಉಂಟಲ್ಲವೇ ಎಂದು ಕೇಳಬಹುದು. ಉಂಟು. ಆದರೆ ಆ ಬಾಗಿಲಿನಿಂದ ಹೊರಬರುವ ಹೊತ್ತಿಗೆ ಬೇರೆ ಬಾಗಿಲುಗಳು ಮುಚ್ಚುತ್ತಿರುತ್ತವೆ.

ನಮ್ಮ ಮಟ್ಟಿಗೆ ಪರೀಕ್ಷೆಯು ಒಂದೇ. ಎಲ್ಲ ಕಾಲೇಜುಗಳೂ ಒಂದೇ ದಿನ ಕರೆದರೂ ಮಗುವು ಹಿಂದುಮುಂದು ನೋಡದೆ ಆ ಒಂದನ್ನೇ ಆರಿಸುವಂತಿದ್ದರೆ, ಮತ್ತು ಮನೆಯ ಲೆಕ್ಕವು ಅದಕ್ಕೆ ಒಪ್ಪಿದರೆ, ಸಹಿ ಹಾಕಲಿ. ಒಂದು ಕ್ಷಣ ತಡವರಿಸಿದರೂ ಬೇಡ. ಅಂಥವರು ಕಟ್ಟಿಲ್ಲದ ಮುಂಗಡ ಅರ್ಜಿಯನ್ನು ಸಲ್ಲಿಸುವದು ಲೇಸು. ವರ್ಜೀನಿಯಾ, ಇಲಿನಾಯ್‌ಗಳಂಥ ಸರಕಾರಿ ವಿದ್ಯಾಪೀಠಗಳಲ್ಲಿ ಆ ಸೌಕರ್ಯವಿದೆ. ಆಯಾ ರಾಜ್ಯದ ನಿವಾಸಿಗಳಿಗೆ ಶುಲ್ಕವೂ ಕಡಿಮೆ.

ಯಾವ ದಾರಿಯನ್ನು ಹಿಡಿದರೂ ಉಳಿದ ಅರ್ಜಿಗಳನ್ನು ನವೆಂಬರದಲ್ಲಿಯೇ ಬರೆದಿಡತಕ್ಕದ್ದು. ಅರ್ಲಿ ಡಿಸಿಜನ್ನಿನ ಉತ್ತರವು ಸಾಮಾನ್ಯವಾಗಿ ಡಿಸೆಂಬರದ ಮಧ್ಯದಲ್ಲಿ ಬರುತ್ತದೆ. ಸಾಧಾರಣ ಅರ್ಜಿಗಳ ಕಡೆಯ ದಿನವು ಅನೇಕ ಕಡೆಗಳಲ್ಲಿ ಜನವರಿಯ ಪ್ರಾರಂಭಕ್ಕೇ ಇರುತ್ತದೆ. ನಡುವೆ ಇರುವವು ಎರಡು ವಾರಗಳು. ನಿರಾಕರಣೆಯ ಪತ್ರವನ್ನು ಓದಿದ ಹದಿನೇಳರ ಹುಡುಗನೊಬ್ಬನು ಆ ಎರಡು ವಾರಗಳಲ್ಲಿ ಎಂಟು ಕಾಲೇಜುಗಳಿಗೆ ಹೊಸದಾಗಿ ಬರೆಯಲು ಕೂಡ್ರುವದು ಆಗದ ಮಾತು.